ಅಕ್ಕನ ಮನೆಯ ಪ್ಲಗ್ಗು

ಎಲೆಕ್ಟ್ರಿಕ್ ಕಾರು ಕೊಂಡ ಮೇಲೆ ದರ್ಜಿಗೆ ಅಕ್ಕನ ಮೇಲೆ ಇದ್ದಕ್ಕಿದ್ದ ಹಾಗೆ ಪ್ರೀತಿ ಉಕ್ಕಿತು. ಅದಕ್ಕೆ ಮುಂಚೆ ವರ್ಷಕ್ಕೊಮ್ಮೆ ಮುಖ ತೋರಿಸಿದರೆ ಹೆಚ್ಚು. ಈಗ ವಾರಕ್ಕೆರಡು ಸಲ ಹಾಜರು.

ಕಾರಣ ಇಷ್ಟೇ. ಅವನಿದ್ದದ್ದು ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ. ಕೆಳಗೆ ಪಾರ್ಕಿಂಗಿನಲ್ಲಿ ಸಂಘದವರು ಒಂದು ಚಾರ್ಜಿಂಗ್ ಯಂತ್ರ ನಿಲ್ಲಿಸಿ, ಮನೆ ಕರೆಂಟಿನ ಮೂರು ಪಟ್ಟು ದರ ಜಡಿದಿದ್ದರು. ಅಕ್ಕನದು ಸ್ವಂತ ಮನೆ, ಗೇಟಿನ ಪಕ್ಕದಲ್ಲೇ ಪ್ಲಗ್ಗು. ಅದೇ ಊರು, ಅದೇ ಕರೆಂಟು. ನೆಲದ ಮೇಲೆ ಮನೆ ಇದ್ದವರಿಗೊಂದು ರೇಟು, ಗಾಳಿಯಲ್ಲಿ ಮನೆ ಇದ್ದವರಿಗೊಂದು! ಸಂಘದ ಸಭೆಯಲ್ಲಿ ಗಂಟಲು ಹರಿದುಕೊಂಡ. ಅಂಥ ಕಾರಿಲ್ಲದವರೆಲ್ಲ ಆಕಳಿಸಿದರು.

"ಹೇಗೂ ಬಂದಿದೀನಿ, ಹಾಗೇ ಸಿಕ್ಕಿಸಿರ್ತೀನಿ," ಎಂದು ಅಕ್ಕನ ಮನೆಯಲ್ಲಿ ಪ್ರತಿ ಸಲ ಏನೂ ಅಲ್ಲವೆಂಬಂತೆ ಹೇಳುತ್ತಿದ್ದ.

ಅಕ್ಕನಿಗೋ ಹಿಗ್ಗು. ಭಾವ ಮಾತಿನಲ್ಲಿ ಮಹಾ ಜಿಪುಣ, 'ಹೂಂ' ಅಂದರೆ ಅವತ್ತಿನ ಲೆಕ್ಕ ಮುಗಿಯಿತು. "ತಮ್ಮ ಅಂದ್ರೆ ಹೀಗಿರಬೇಕು," ಎಂದು ಅವಳು ಪಕ್ಕದ ಮನೆಯವರಿಗೆ ಹೇಳುವಾಗ ದರ್ಜಿ ನಾಚಿಕೆಯಿಂದ ಹಿಡಿಯಾಗುತ್ತಿದ್ದ. ನಿಜ ಗೊತ್ತಾದರೆ ಯಾವ ಮುಖ ಇಟ್ಟುಕೊಂಡು ಬರುವುದು? ಹರಟೆ ಹೊಡೆಯುತ್ತ, ಅವಳ ಪರದೆ ಹೊಲಿದುಕೊಡುತ್ತ, ಓರೆಗಣ್ಣಿನಲ್ಲಿ ಕಾರು ನೋಡುತ್ತಿದ್ದ.

ಬರಬರುತ್ತ ಕಾರು ಮೊಂಡಾಟ ಶುರು ಮಾಡಿತು. ಮೊದಲೆಲ್ಲ ಸಂಜೆಯೊಳಗೆ ತುಂಬುತ್ತಿದ್ದ ಬ್ಯಾಟರಿ ಈಗ ಅರ್ಧವೂ ತುಂಬದು. ಮೆಕ್ಯಾನಿಕ್ ನೋಡಿ, "ಗಾಡಿ ಗುಂಡುಕಲ್ಲಿನ ಹಾಗಿದೆ ಸಾರ್," ಎಂದ.

ಮುಂದಿನ ಭಾನುವಾರ ಅಕ್ಕ ಟೀ ಇಡಲು ಎದ್ದಳು. ನೀರು ಕುಡಿಯಲೆಂದು ಹಿಂದೆಯೇ ಹೋದ ದರ್ಜಿ ಅಡುಗೆಮನೆ ಬಾಗಿಲಲ್ಲೇ ನಿಂತ. ಅಕ್ಕ ಒಲೆ ಹಚ್ಚುವ ಮೊದಲು ಗೋಡೆಯ ಸ್ವಿಚ್ಚೊಂದನ್ನು ಟಕ್ಕನೆ ಆರಿಸಿದಳು. ಅದು ಗೇಟಿನ ಪ್ಲಗ್ಗಿನ ಸ್ವಿಚ್ಚು.

"ಅಕ್ಕಾ!"

ಅಕ್ಕ ಬೆಚ್ಚಿಬಿದ್ದಳು. ಆಮೇಲೆ ಅವಳಿಗೇ ಸಿಟ್ಟು ಬಂತು. "ನೀನು ಯಾಕೆ ಬರ್ತೀಯ ಅಂತ ಮೊದಲ ದಿನವೇ ಗೊತ್ತಾಯ್ತು ಕಣೋ. ಬರಲಿ ಬಿಡು ಅಂದ್ಕೊಂಡೆ. ಆದ್ರೆ ಆ ಹಾಳು ಗಾಡಿ ತುಂಬಿದ ಕೂಡ್ಲೇ ಎದ್ದುಬಿಡ್ತೀಯಲ್ಲ!"

ದರ್ಜಿ ಹೊರಗೆ ಹೋಗಿ, ವೈರು ಕಿತ್ತು, ಸುತ್ತಿ ಡಿಕ್ಕಿಗೆ ಹಾಕಿದ. ಕಾರಿನಲ್ಲಿ ಮನೆ ಮುಟ್ಟುವಷ್ಟು ಚಾರ್ಜೂ ಇರಲಿಲ್ಲ. ಕಿಟಕಿಯಲ್ಲಿ ಅಕ್ಕನ ಮುಖ ಬಾಡಿತು.

ಅವನು ಒಳಗೆ ಬಂದು, ಚಪ್ಪಲಿ ಬಿಟ್ಟು, ಸೋಫಾದ ಮೇಲೆ ಕಾಲು ಮಡಚಿ ಕೂತ.

"ಟೀ ಎಲ್ಲಿ ಅಕ್ಕಾ? ಊಟಕ್ಕೂ ಇಲ್ಲೇ ಇರ್ತೀನಿ."

ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಭಾವ ಪೇಪರು ಕೆಳಗಿಳಿಸಿ, ಅಷ್ಟು ವರ್ಷಗಳಲ್ಲೇ ಅತಿ ಉದ್ದದ ಮಾತಾಡಿದ:

"ಪ್ಲಗ್ಗು ಹಾಕಯ್ಯ. ಇಲ್ದಿದ್ರೆ ಊಟ ಆದ್ಮೇಲೆ ನಿನ್ನ ಗಾಡಿ ನಾನು ತಳ್ಳಬೇಕಾಗುತ್ತೆ."