ತರಗಿನೊಳಗಿನ ಬಿಸಿ

"ಕೈ ಹಾಕೇ, ದರಿದ್ರದವಳೇ! ಕರಗಿಹೋಗೋಕೆ ಅದೇನು ಬೆಣ್ಣೇಲಿ ಮಾಡಿದ ಕೈಯಾ?"

ಬದುವಿನ ಮೇಲೆ ನಿಂತು ಧಣಿ ಕೂಗಿದ. ಆಳುಗಳೆಲ್ಲ ಅಕ್ಕ ಎಂದೇ ಕರೆಯುತ್ತಿದ್ದವಳು ಮತ್ತೆ ಬಗ್ಗಿದಳು. ಕಟಾವಾದ ಕಬ್ಬಿನ ತರಗು ಸಾಲುಗಳ ನಡುವೆ ಮೊಣಕಾಲೆತ್ತರ ಬಿದ್ದಿತ್ತು. ಮೊದಲೆಲ್ಲ ಕಡ್ಡಿ ಗೀರಿದರೆ ಮುಗಿಯುತ್ತಿತ್ತು. ಈಗ ಕೃಷಿ ಇಲಾಖೆಯ ಮಾತಿನಂತೆ ಸುಡದೆ ಕೊಳೆಸಬೇಕು, ಸಗಣಿನೀರು ಸುರಿದು ಮಗುಚಬೇಕು. ಕವೆಗೋಲು ಹಾಕುವಂತಿಲ್ಲ, ಅಡಿಯಲ್ಲಿರುವ ನೀರಿನ ಪೈಪು ತೂತಾಗುತ್ತದೆ. ಹಾಗಾಗಿ ಹೆಂಗಸರ ಬರಿಗೈ.

ಮೇಲೆ ಗರಗಸದಂಥ ಒಣಗರಿ. ಕೆಳಗೆ ಕಪ್ಪು, ತೇವ, ಬಿಳಿ ಬೂಷ್ಟಿನ ಎಳೆಗಳು, ಬಾಣಂತಿಯ ಕೋಣೆಯಂಥ ಬೆಚ್ಚಗಿನ ಕತ್ತಲು. ಆ ಬಿಸಿಗೇ ಹಾವುಗಳು ಬಂದು ಮೊಟ್ಟೆಯಿಡುತ್ತಿದ್ದವು.

ಹೋದ ವಾರ ಅಕ್ಕನ ತಂಗಿಯ ಬಲಗೈಗೆ ಹಾವು ಕಚ್ಚಿತ್ತು. ಜೀವ ಉಳಿಯಿತು, ಎರಡು ಬೆರಳು ಸತ್ತು ಇದ್ದಿಲಿನಂತೆ ಕಪ್ಪಾದವು. ಕೂಸನ್ನು ಎಡಗೈಯಲ್ಲೇ ಎತ್ತಿಕೊಳ್ಳುತ್ತಿದ್ದಳು. ಇವತ್ತು ಧಣಿ ಅವಳನ್ನೂ ಕರೆಸಿದ್ದ. ಬರದಿದ್ದರೆ ಗುಡಿಸಲು ಖಾಲಿ ಮಾಡಬೇಕು.

"ಒಂದು ಜೊತೆ ದಪ್ಪ ಗ್ಲೌಸಾದ್ರೂ ಕೊಡ್ಸಿ ಧಣಿ," ಅಕ್ಕ ಕೇಳಿದಳು. "ಇವಳಿಗೆ ಉಳಿದಿರೋದು ಒಂದೇ ಕೈ."

"ಇಲಿ ಕಚ್ಚಿದ್ದಕ್ಕೆ ಇಷ್ಟು ನಾಟಕ! ಇವತ್ತು ಗ್ಲೌಸು, ನಾಳೆ ಮಹಾರಾಣಿಗೆ ಉಂಗುರಾನೂ ಬೇಕೇನೋ."

"ಇವನ ಬಾಯಿಗೆ ಮಣ್ಣು ಹಾಕ," ಪಕ್ಕದ ಸಾಲಿನ ಕುಳ್ಳಿ ಗೊಣಗಿದಳು. "ಅಷ್ಟುದ್ದದ ಇಲಿ ಇವನಪ್ಪನ ಮನೇಲಿತ್ತೇನೋ!"

ಮಧ್ಯಾಹ್ನ ಅಕ್ಕನ ಬೆರಳಿಗೆ ಏನೋ ಮೆತ್ತಗೆ ತಾಗಿತು. ತರಗು ಸರಿಸಿದಳು. ಬಿಳಿ ಮೊಟ್ಟೆಗಳ ಗುಡ್ಡೆ. ಅದನ್ನು ಸುತ್ತಿಕೊಂಡಿದ್ದ ನುಣುಪು ಮೈ ಒಮ್ಮೆ ಉಬ್ಬಿ ಇಳಿಯಿತು. ಅಕ್ಕ ಉಸಿರು ಬಿಗಿಹಿಡಿದು, ಸರಿಸಿದ್ದನ್ನು ಹಾಗೇ ಮುಚ್ಚಿದಳು. ತಂಗಿಯ ರಟ್ಟೆ ಹಿಡಿದು ಹಿಂದಕ್ಕೆಳೆದಳು.

ಅಷ್ಟರಲ್ಲಿ ಕೃಷಿ ಅಧಿಕಾರಿಯ ಜೀಪು ಬಂತು. ಧಣಿಯ ದನಿ ಜೇನಾಯಿತು.

"ಒಂದು ಗರಿ ಸುಟ್ಟಿಲ್ಲ ಸಾರ್, ಎಲ್ಲ ಮಣ್ಣಿಗೇ. ಏಯ್, ಚೆನ್ನಾಗಿ ಕೊಳೆತಿರೋ ಕಡೆಯಿಂದ ಒಂದು ಬೊಗಸೆ ತೆಗ್ದು ಸಾಹೇಬ್ರಿಗೆ ತೋರ್ಸೇ!"

ಅಕ್ಕ ಎರಡೂ ಕೈಗಳನ್ನು ಕಂಕುಳಲ್ಲಿ ಸೇರಿಸಿಕೊಂಡಳು. ಗದ್ದ ಎತ್ತಿ, ತಾನು ಮುಚ್ಚಿದ್ದ ಜಾಗ ತೋರಿಸಿದಳು.

"ಅಲ್ಲೇ ಚೆನ್ನಾಗಿ ಕೊಳೆತಿರೋದು. ನೀವೇ ತೆಗೀರಿ."

"ಏನಂದೆ?"

"ನಿಮ್ ಮಣ್ಣು, ನಿಮ್ ಗೊಬ್ಬರ. ನಿಮ್ ಕೈನೇ ಹಾಕಿ."

ಕುಳ್ಳಿಯೂ ಕೈ ಕಟ್ಟಿದಳು. ಆಚೆ ಸಾಲಿನವರೂ ಒಬ್ಬೊಬ್ಬರಾಗಿ ಸೊಂಟ ನೆಟ್ಟಗೆ ಮಾಡಿ ನಿಂತರು. ಸಾಹೇಬರು ನಗುತ್ತ ಕಾಯುತ್ತಿದ್ದರು. ಧಣಿ ಹಲ್ಲು ಕಡಿದ. ಅಂಗಿಯ ತೋಳು ಮಡಿಚಿ, ತರಗಿನ ಮುಂದೆ ಮಂಡಿಯೂರಿದ.

ಗಾಳಿಯಿರಲಿಲ್ಲ. ಆದರೂ ಒಂದು ಗರಿ ಅಲುಗಿತು.

ತಂಗಿ ಕೂಗಲು ಬಾಯಿ ತೆರೆದಳು. ಅಕ್ಕ ಅವಳ ಬಾಯಿಗೆ ಅಂಗೈ ಅಡ್ಡ ಹಿಡಿದಳು.