ಬೋನಸ್ಸು ಹೋದ ಕಾರು

ಕಿಬ್ಬನಹಳ್ಳಿಯಲ್ಲಿ ಬಸ್ಸು ನಿಲ್ಲುವ ಕಡೆ ರವೀಂದ್ರನ ಇನ್ಶೂರೆನ್ಸ್ ಆಫೀಸು. ಕಾರಿನ ವಿಮೆ ರಿನ್ಯೂ ಮಾಡಿಸಲು ಬಂದ ಹಾಲ್ಕುರಿಕೆಯ ಮೋಹನ್ ಕುಮಾರ್ ಕಂತಿನ ಮೊತ್ತ ನೋಡಿದ. ಹೋದ ಸಲಕ್ಕಿಂತ ಬಹಳ ಏರಿತ್ತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಒಂದು ವರ್ಷದಿಂದ ಅವನಿಗೆ ಯಾವುದೂ ನಾಟುತ್ತಿರಲಿಲ್ಲ. ಹೆಂಡತಿ ಸುನಂದಾ ಸಾರಿಗೆ ಉಪ್ಪು ಮರೆತರೂ ಸುಮ್ಮನೆ ಉಂಡು ಏಳುತ್ತಿದ್ದ.

ಆದರೂ ಕೇಳಬೇಕಲ್ಲ ಎಂದು ಕೇಳಿದ. ನಿಂತ ಕಾರಿನ ಮೇಲೆ ತೆಂಗಿನ ಗೊನೆ ಬಿದ್ದರೆ ತನ್ನದೇನು ತಪ್ಪು?

“ತಪ್ಪು ಯಾರ್ದು ಅಂತ ಕಂಪನಿಯವ್ರು ನೋಡಲ್ಲ ಕಣ್ರೀ,” ಎಂದ ರವೀಂದ್ರ. “ಐದು ವರ್ಷ ನೀವು ಕ್ಲೇಮ್ ಮಾಡಿರ್ಲಿಲ್ಲ, ಗಾಡಿ ಡ್ಯಾಮೇಜಿನ ಕಂತ್ನಲ್ಲಿ ಅರ್ಧ ಬಿಡ್ತಿದ್ರು. ಈಗ ಮಾಡಿದ್ರಿ, ಬೋನಸ್ಸು ಪೂರ್ತಿ ಹೋಯ್ತು.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ರವೀಂದ್ರ ಹೇಳಿದ್ದು ಕಂಪನಿಯ ಮಾತು, ತಲೆ ತಗ್ಗಿಸಿದವನು ಮೋಹನ.

ಕಾಯಿ ಕೀಳುವ ದಿನ ತೋಟದಲ್ಲಿ ಯಾರೂ ದನ ಕೂಡ ಕಟ್ಟುವುದಿಲ್ಲ. ಹೋದ ವರ್ಷ ಅವನು ಕಾರನ್ನೇ ಮರದ ಬುಡದ ನೆರಳಿಗೆ ನಿಲ್ಲಿಸಿದ್ದ. ಅದನ್ನು ತೆಗೆಯಿರಿ ಎಂದು ಮರ ಹತ್ತುವ ದುರ್ಗಯ್ಯ ಎರಡು ಸಲ ಹೇಳಿದ್ದ. ಇವನು ಫೋನಿನಿಂದ ಕಣ್ಣೆತ್ತದೆ, ಏನೂ ಆಗಲ್ಲ, ನೀನು ಹತ್ತು ಎಂದಿದ್ದ. ಗೊನೆ ಕಾರಿನ ಮೇಲೆ ಬೀಳದಿರಲೆಂದು ದುರ್ಗಯ್ಯ ಅದನ್ನು ಒಂದು ಕೈಯಲ್ಲಿ ಹಿಡಿದು ಆಚೆ ಎಸೆಯಲು ಹೋದ. ಗೊನೆಯೂ ಬಿತ್ತು, ಅವನೂ ಬಿದ್ದ. ಸೊಂಟ ಮುರಿದು ಹಾಸಿಗೆ ಹಿಡಿದ. ಅವನು ನೋಡಿಕೊಂಡು ಹತ್ತಲಿಲ್ಲ ಎಂದು ಮೋಹನ ಊರಿಗೆಲ್ಲ ಹೇಳಿದ್ದ. ಆಸ್ಪತ್ರೆಗೆ ಒಂದಿಷ್ಟು ಕೊಟ್ಟ ಮೇಲೆ ಆ ಕೇರಿಗೆ ತಲೆ ಹಾಕಿರಲಿಲ್ಲ. ಕಾರು ಮಾತ್ರ ಹತ್ತೇ ದಿನದಲ್ಲಿ ಹೊಸದರಂತಾಗಿ ಬಂದಿತ್ತು.

“ಮರ ಹತ್ತೋರಿಗೂ ಇನ್ಶೂರೆನ್ಸ್ ಇದೆಯೇನ್ರೀ?” ಎಂದು ಮೋಹನ ಕೇಳಿದ.

ಇದೆ, ಕಾರಿನದರ ಮುಂದೆ ಅದರ ಕಂತು ಏನೇನೂ ಅಲ್ಲ, ಕೇಳುವವರೇ ಇಲ್ಲ ಎಂದ ರವೀಂದ್ರ. ಈಗ ತೋಟಕ್ಕೆ ಕಾಯಿ ಕೀಳಲು ಬರುತ್ತಿದ್ದವನು ದುರ್ಗಯ್ಯನ ತಮ್ಮ ಸಣ್ಣತಿಮ್ಮಯ್ಯ. ಮೋಹನ ಅಲ್ಲಿಂದಲೇ ಅವನಿಗೆ ಫೋನು ಮಾಡಿ ವಿವರ ಕೇಳಿ ಅವನ ಹೆಸರಿಗೆ ಒಂದು ಪಾಲಿಸಿ ಮಾಡಿಸಿದ.

ಊರಿಗೆ ಬಂದವನು ಕಾರನ್ನು ರಸ್ತೆಯಲ್ಲೇ ಬಿಟ್ಟು ದುರ್ಗಯ್ಯನ ಮನೆಗೆ ನಡೆದ. ದುರ್ಗಯ್ಯನ ಹೆಂಡತಿ ರಂಗಕ್ಕ ಚಾಪೆ ಹಾಸಿದಳು. ಅವನು ಕೂರಲಿಲ್ಲ.

“ಅವತ್ತು ನೀನು ಎರಡು ಸಲ ಹೇಳ್ದೆ ದುರ್ಗಯ್ಯ. ನಾನು ಕಾರು ತೆಗೀಲಿಲ್ಲ. ತಪ್ಪು ನಂದು. ಊರ ಮುಂದೆ ಸುಳ್ಳು ಹೇಳ್ದೆ.”

ಸೂರು ನೋಡುತ್ತ ಮಲಗಿದ್ದ ದುರ್ಗಯ್ಯ ಅವನತ್ತ ತಲೆ ಹೊರಳಿಸಿದ.

“ಬುಡಿ ಗೌಡ್ರೇ,” ಎಂದ. “ಕಾರು ರಿಪೇರಿ ಆಯ್ತಾ?”

ವರ್ಷದಿಂದ ಮರಗಟ್ಟಿದ್ದ ಮೋಹನನ ಎದೆ ನೋಯತೊಡಗಿತು. ಅವನು ಚಾಪೆಯ ಮೇಲೆ ಕುಸಿದು ಕುಳಿತ.