ಮಣ್ಣಿಗೆ ಕಬ್ಬಿಣ ತಾಗಿಸದ ತಿಂಗಳು

ನನ್ನ ಗಂಡ ಮುಂಬಯಿಯಲ್ಲಿ ಗಟಾರ ತೋಡುತ್ತಾನೆ. ದಾಸನಕೊಪ್ಪದ ಅಂಗಡಿ ಮುಂದೆ ಹೀಗೆಯೇ ಹೇಳುತ್ತಾರೆ, ಹೇಳಿ ನಗುತ್ತಾರೆ. “ಗಟಾರ ತೋಡೋಕೆ ಅಷ್ಟು ದೂರ ಹೋಗ್ಬೇಕಿತ್ತಾ?” ಎಂದು ಚೌಡಣ್ಣ ಒಮ್ಮೆ ಕೆಣಕಿದ. “ನಿಮ್ಮನೆ ಗಟಾರದ ಮೇಲೆ ಹಡಗು ಹೋಗ್ತದಾ ಚೌಡಣ್ಣ?” ಎಂದೆ. ಆಮೇಲೆ ಅವನು ಆ ಮಾತೆತ್ತಿಲ್ಲ.

ಸುಳ್ಳಲ್ಲ. ಊರಿಗೆ ಊರೇ ತೊಳೆದು ಬಿಟ್ಟ ಕೊಳಚೆ ನೀರು ಹೋಗಲೆಂದು ಬಂದರಿನ ಅಡಿಯಲ್ಲಿ, ಸಮುದ್ರದ ತಳಕ್ಕಿಂತ ಎಷ್ಟೋ ಕೆಳಗೆ, ಸುರಂಗ ಕೊರೆಯುತ್ತಿದ್ದಾರೆ. ಕೊರೆಯುವುದು ಒಂದು ದೊಡ್ಡ ಮಷಿನ್ನು. ಅದು ಒಂದಷ್ಟು ಮುಂದೆ ಹೋದ ಮೇಲೆ ಹಿಂದಿನವರು ಸುತ್ತ ಕಾಂಕ್ರೀಟಿನ ರಿಂಗು ಕೂರಿಸುತ್ತಾರೆ. ಮತ್ತೆ ಮಷಿನ್ನು ಮುಂದೆ. ಹೆಲ್ಪರ್ ಆಗಿ ಸೇರಿದ ರಾಘು ಆಮೇಲೆ ಆ ಮಷಿನ್ನಿನ ಕ್ಯಾಬಿನ್ನಿನಲ್ಲಿ ಕೂತು ಅದನ್ನು ನಡೆಸುವವನಾದ. ಎದುರಿಗೆ ಅವನನ್ನು ‘ರೀ’ ಅನ್ನುತ್ತೇನೆ, ಮನಸ್ಸಿನಲ್ಲಿ ಮಾತ್ರ ರಾಘು.

ಸುರಂಗದ ಆ ತುದಿಯಲ್ಲಿ ಇನ್ನೊಂದು ಆಳದ ಗುಂಡಿ ತೋಡಿಟ್ಟಿದ್ದಾರಂತೆ. ಒಂದು ದಿನ ಅದರ ಗೋಡೆ ಒಡೆದು ಮಷಿನ್ನು ಬೆಳಕಿಗೆ ಮೂತಿ ಹಾಕುತ್ತದಂತೆ. “ಆವತ್ತು ಸೀಟಲ್ಲಿ ನಾನೇ ಇರ್ಬೇಕು ರೋಹಿಣಿ, ಅದೊಂದೇ ಆಸೆ ನಂಗೆ” ಎನ್ನುತ್ತಿದ್ದ. ನನ್ನ ಆಸೆ ಏನೆಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ನನಗೆ ಅವನು ಬೇಕಿತ್ತು. ಮೊಬೈಲಿನಲ್ಲಿ ಕಾಣುವ ಹೆಲ್ಮೆಟ್ಟಿನ ಮುಖವಲ್ಲ, ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದು ನನ್ನಿಂದ ಬೈಸಿಕೊಳ್ಳುವ ರಾಘು.

ಅವನನ್ನು ಕರೆಸಲು ಒಂದೇ ಒಂದು ಮಾತು ಸಾಕಿತ್ತು. ಆ ಮಾತು ನನ್ನ ಬಾಯಲ್ಲೇ ಇತ್ತು. ನಾನು ಬಸುರಿಯಾಗಿದ್ದೆ.

ನಮ್ಮಲ್ಲಿ ಬಸುರಿಯ ಗಂಡ ನೆಲ ಅಗೆಯುವುದಿಲ್ಲ. ಮಾವ ಜಟ್ಟಪ್ಪ ಬಾವಿ ತೋಡುವವರು. ರಾಘು ಹೊಟ್ಟೆಯಲ್ಲಿದ್ದಾಗ ಪಿಕಾಸಿಯನ್ನು ಅಟ್ಟಕ್ಕೆ ಹಾಕಿದವರು ಕೂಸು ಹುಟ್ಟುವ ತನಕ ಕೆಳಗಿಳಿಸಲಿಲ್ಲವಂತೆ. ಆ ಕಥೆ ಕೇಳಿಯೇ ರಾಘು ಬೆಳೆದದ್ದು. ಗೊತ್ತಾದರೆ ಬಂದೇ ಬರುತ್ತಿದ್ದ. ಬಂದರೆ ಆ ಸೀಟಿನಲ್ಲಿ ಬೇರೆಯವರು ಕೂರುತ್ತಿದ್ದರು. ಅದಕ್ಕೇ ಬಾಯಿ ಬಿಡಲಿಲ್ಲ. ಫೋನಿನಲ್ಲಿ ಮಳೆ, ಮಂಗನ ಕಾಟ, ಸಿರ್ಸಿಯ ಬಸ್ಸು ಎಂದೆಲ್ಲ ಹರಟಿ ಇಟ್ಟುಬಿಡುತ್ತಿದ್ದೆ. ಇಟ್ಟ ಮೇಲೆ ಒಲೆ ಮುಂದೆ ಕೂತು ಅಳುತ್ತಿದ್ದೆ, ಹೊಗೆಗೆ ಕಣ್ಣುರಿ ಎನ್ನುತ್ತಿದ್ದೆ. ನಮ್ಮ ಮನೆಯಲ್ಲಿರುವುದು ಗ್ಯಾಸ್ ಒಲೆ.

ಅತ್ತೆಗೆ ಇದು ಸರಿ ಬರಲಿಲ್ಲ. ಭೂಮಿ ಹುಣ್ಣಿಮೆ ಹತ್ತಿರ ಬಂದ ಹಾಗೆ ಪಟ್ಟು ಹಿಡಿದರು. ತೆನೆ ಹಾಲು ತುಂಬುವ ಕಾಲ, ಗದ್ದೆಯೇ ಬಸುರಿ ಎಂದು ನಾವು ಅದಕ್ಕೆ ಬಯಕೆ ಊಟ ಬಡಿಸುವ ಹಬ್ಬ ಅದು.

“ಆವತ್ತು ಭೂಮ್ತಾಯಿಗೆ ಯಾರೂ ಕಬ್ಬಿಣ ತಾಗ್ಸಲ್ಲ. ಇವನು ಮನೇಲಿ ಬಸುರಿ ಇಟ್ಕೊಂಡು ಭೂಮಿ ಹೊಟ್ಟೇನೇ ಕೊರೀತಾ ಕೂತವ್ನೆ. ನೀ ಹೇಳ್ದಿದ್ರೆ ನಾನೇ ಹೇಳ್ತೀನಿ.”

“ಹಬ್ಬ ಕಳೀಲಿ ಅತ್ತೆ” ಎಂದೆ.

ಹಬ್ಬದ ದಿನ ಬೆಳಿಗ್ಗೆ ಚಿತ್ತಾರ ಬರೆದ ಬುಟ್ಟಿ ಹೊತ್ತು ಗದ್ದೆಗೆ ಹೋದೆವು. ಪೂಜೆಯಾಯಿತು. ಸೊಪ್ಪು ಬೆರೆಸಿದ ಅನ್ನವನ್ನು ಬೀರುತ್ತ ಅತ್ತೆ ಬದುವಿನುದ್ದಕ್ಕೂ ನಡೆದರು. ಒಂದು ಕಡುಬನ್ನು ಗದ್ದೆಯಲ್ಲಿ ಹೂತಿಟ್ಟು ಕೊಯ್ಲಿನ ದಿನ ತೆಗೆಯುವುದು ನಮ್ಮ ಪದ್ಧತಿ. ನಾನು ಕೈಯಲ್ಲೇ ಮಣ್ಣು ಸರಿಸುತ್ತ ಕೂತಿದ್ದಾಗ ರಾಘುವಿನ ವಿಡಿಯೊ ಕಾಲ್ ಬಂತು. ಹೆಲ್ಮೆಟ್ಟು, ಹಳದಿ ಜಾಕೀಟು, ಹಿಂದೆ ಲಿಫ್ಟಿನ ಬಾಗಿಲು. ಪಾಳಿಗೆ ಇಳಿಯುವ ಹೊತ್ತು.

“ಗದ್ದೆ ತೋರ್ಸು” ಎಂದ. ತೋರಿಸಿದೆ. ಅವನು ಫೋನಿಗೆ ಮುಖ ಹತ್ತಿರ ತಂದು ನೋಡಿದ.

“ನಾನೂ ಬಡಿಸ್ದೆ ನಿನ್ನೆ. ಮೆಸ್ಸಿನವನ ಹತ್ರ ಸೊಪ್ಪು ಬೇಯಿಸ್ಕೊಂಡು ಅನ್ನಕ್ಕೆ ಕಲ್ಸಿ, ರಿಂಗಿನ ಹಿಂದೆ ಮಣ್ಣು ಕಾಣೋ ಸಂದೀಲಿ ಇಟ್ಟೆ. ಜಾರ್ಖಂಡಿನ ಹುಡುಗ್ರು ಮೊದ್ಲು ನಗಾಡಿದ್ರು. ಆಮೇಲೆ ಅವ್ರೂ ಒಂದೊಂದು ಚೂರು ರೊಟ್ಟಿ ಇಟ್ರು.”

“ಮಷಿನ್ ಬಿಟ್ಟು ರಿಂಗಿನ ಹತ್ರ ನೀವು ಎಂತಕ್ಕೆ ಹೋದ್ರಿ?”

“ಈಗ ನಾನು ಅಲ್ಲೇ ಇರೋದು. ಸೀಟು ನಮ್ ಪಾಳಿಯ ಸಂಜಯನಿಗೆ ಕೊಟ್ಟೆ. ಅವನು ಅಗೀತಾನೆ, ನಾನು ರಿಂಗು ಕೂರಿಸ್ತೀನಿ. ಕಟ್ಟೋದಕ್ಕೆ ಅಡ್ಡಿ ಇಲ್ಲ, ಅಗೆಯೋದಕ್ಕೆ ತಾನೇ?”

ನನ್ನ ಕೈ ಮಣ್ಣಿನಲ್ಲೇ ನಿಂತಿತು.

“ಯಾರು ಹೇಳಿದ್ದು ನಿಮ್ಗೆ? ಅತ್ತೆಯಾ?”

“ಚಾ ವಾಸನೆ ಆಗಲ್ಲ ಅಂದ್ಯಲ್ಲ ಆವತ್ತು. ನೀನು ಊಟ ಬಿಟ್ರೂ ಚಾ ಬಿಡೋಳಾ ಮಾರಾಯ್ತಿ?” ನಕ್ಕ. “ನೀನೇ ಹೇಳ್ತೀಯ ಅಂತ ಕಾದೆ. ಹೇಳ್ಲೇ ಇಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದಿನ ಹಲ್ಲು ಕಚ್ಚಿ ಕಾಪಾಡಿದ ಸೀಟನ್ನು ಈ ಮನುಷ್ಯ ಯಾರಿಗೋ ಕೊಟ್ಟು ಕೂತಿದ್ದಾನೆ.

“ಅದನ್ನೇ ಬಿಡೋದಾದ್ರೆ ಮನೇಗೇ ಬರ್ಬಹುದಿತ್ತಲ್ಲ. ನಾನು ಇಲ್ಲಿ ಒಬ್ಳೇ ಬಾಯಿ ಹೊಲ್ಕೊಂಡು ಸತ್ತೆ.”

ಅವನ ನಗು ನಿಂತಿತು. “ಆ ದಾರಿ ಅಷ್ಟೂ ನಾನು ಅಗೆದಿದ್ದು. ನೀನು ಬಸುರಿ ಆಗೋಕೆ ಮೊದ್ಲೂ ಅಗೆದೆ, ನೀನು ಬಸುರಿ ಇದ್ದಾಗ್ಲೂ ಗೊತ್ತಿಲ್ದೆ ಅಗೆದೆ. ಅದನ್ನ ಹಂಗೇ ಬಾಯಿ ತೆರೆದು ಬಿಟ್ಟು ಬರೋಕೆ ಮನಸ್ಸು ಬರ್ಲಿಲ್ಲ ರೋಹಿಣಿ. ಕೂಸಿಗೇನಾದ್ರೂ ಆದ್ರೆ ಅಂತ ಹೆದ್ರಿಕೆ ಆಗ್ತದೆ. ಕೊನೇ ರಿಂಗು ಹಾಕಿ ಬರ್ತೀನಿ. ಸೀಮಂತಕ್ಕೆ ಇರ್ತೀನಿ.”

ಸಮುದ್ರದಡಿಯ ಕತ್ತಲಲ್ಲಿ ಹೆದರದವನು, ಹೆದರಿಕೆ ಅನ್ನುತ್ತಿದ್ದಾನೆ. ನನಗೆ ಬೈಯಲು ಇನ್ನೂ ಬಹಳ ಇತ್ತು. ಆದರೂ ಆ ಹೆಲ್ಮೆಟ್ಟು ತೆಗೆದು ಅವನ ತಲೆಯನ್ನು ಒಮ್ಮೆ ಮುಟ್ಟಬೇಕು ಅನ್ನಿಸಿತು. ಯಾರೋ ಹಿಂದಿಯಲ್ಲಿ ಕೂಗಿದರು. ಲಿಫ್ಟಿನ ಬಾಗಿಲು ಸರಿಯಿತು.

“ಕಡುಬು ಎಲ್ಲಿ ಹೂತೆ, ಗುರ್ತು ಇಟ್ಕೊ. ಕೊಯ್ಲಿಗೆ ನಾನೇ ತೆಗೀತೀನಿ” ಎಂದ. ಲಿಫ್ಟು ಇಳಿಯಿತು. ಮುಖ ಒಂದು ಕ್ಷಣ ನಿಂತು, ಆಮೇಲೆ ಹೋಯಿತು.

ನಾನು ಮಣ್ಣು ಮುಚ್ಚಿದೆ. ಅವನು ಹೋದಾಗಿನಿಂದ ಒಂದು ಸಲವೂ ನಾನು ಅವನಿಗೆ ಬಾ ಎಂದಿರಲಿಲ್ಲ. ಕರೆದರೆ ಬಂದುಬಿಡುತ್ತಾನೆ ಎಂಬ ಭಯ. ಈಗ ಕೇಳಿಸುವ ಹಾಗಿಲ್ಲ ಎಂದು ಗೊತ್ತಿದ್ದೇ, ನೆಲಕ್ಕೆ ಕೈಯೂರಿ ಗಟ್ಟಿಯಾಗಿ ಹೇಳಿದೆ.

“ಬನ್ನಿ.”

ತಮ್ಮನ್ನೇ ಕರೆದೆ ಎಂದುಕೊಂಡು ಆಚೆ ಬದುವಿನಿಂದ ಅತ್ತೆ ಬಂದರು. ನನ್ನ ಮುಖ ನೋಡಿದವರು ಪಕ್ಕದಲ್ಲಿ ಕೂತರು.